ಪಕ್ಕದ್ಮನೆ ಅಜ್ಜಿ ಹತ್ರ ಇರೋ ಹಳೇ ಕೋವಿ, ಪೇಂಟರ್ ಒಬ್ರದ್ದು. ತಗೊಳ್ಲಾ ಬೇಡ್ವಾ?

ಡೆನ್ವರ್‌ವಾಸಿ:
ಎಲ್ರಿಗೂ ನಮಸ್ಕಾರ. ಇಲ್ಲಿ ನಮ್ಮ ಪಕ್ಕದ ಮನೇಲಿ ಒಬ್ರು ಅಜ್ಜಿ ಇದಾರೆ, ಅವರ ಯಜಮಾನ್ರು ಪೇಂಟರ್ ಆಗಿದ್ರು, ತೀರ್ಕೊಂಡು ನಾಲ್ಕು ವರ್ಷ ಆಯ್ತು. ಕುದುರೆ, ಕೌಬಾಯ್, ಕಾಡೆಮ್ಮೆ, ಹಿಮ ಬಿದ್ದ ಬೆಟ್ಟ ಇಂಥದ್ದೇ ಬರೀತಿದ್ರು, ಇಲ್ಲಿ ಅದನ್ನ ವೆಸ್ಟರ್ನ್ ಆರ್ಟ್ ಅಂತಾರೆ. ಈಗ ಅಜ್ಜಿ ಮನೆ ಮಾರಿ ಮಗಳ ಹತ್ರ ಹೋಗ್ತಿದಾರೆ, ಸಾಮಾನೆಲ್ಲಾ ಖಾಲಿ ಮಾಡ್ತಿದಾರೆ. ಯಜಮಾನ್ರ ಸ್ಟುಡಿಯೋ ಗೋಡೆ ಮೇಲೆ ಒಂದು ಉದ್ದನೆ ಹಳೇ ಬೇಟೆ ಕೋವಿ ಇದೆ. ಅವರು 60ರ ದಶಕದಲ್ಲಿ ಎಲ್ಲೋ ತಗೊಂಡಿದ್ದಂತೆ, ಪೇಂಟಿಂಗ್‌ನಲ್ಲಿ ಬೇಟೆಗಾರರ ಕೈಗೆ ಇದನ್ನೇ ಕೊಟ್ಟು ಬರೀತಿದ್ರಂತೆ. ಅಜ್ಜಿ ಹೇಳೋದು "ಇದು ಹಾಕನ್ ರೈಫಲ್, 1200 ಡಾಲರ್ ಕೊಡು ಸಾಕು". ನಂಗೆ ಕೋವಿ ಬಗ್ಗೆ ಎಬಿಸಿಡಿ ಗೊತ್ತಿಲ್ಲ, ಆದ್ರೆ ಅದನ್ನ ನೋಡಿದಾಗಿಂದ ತಲೇಲಿ ಅದೇ ಓಡ್ತಿದೆ. ನಳಿಗೆ ದುಂಡಗಿಲ್ಲ, ಎಂಟು ಮುಖ. ಮರ ಅರ್ಧ ಉದ್ದಕ್ಕೆ ಮಾತ್ರ ಇದೆ, ಮೇಲೆಲ್ಲ ಹುಲಿ ಪಟ್ಟೆ ಥರ ಗೆರೆ. ಹಿಂದಿನ ತುದಿಗೆ ಹಿತ್ತಾಳೆ. ಟ್ರಿಗರ್ ಎರಡು. ಫೋಟೋ ಹಾಕಿದೀನಿ. ತಿಳಿದೋರು ಹೇಳಿ.

ಸುಮ್ನೆಓದೋನು:
ಗುರು ಅಮೆರಿಕಕ್ಕೆ ಹೋಗಿ ಕೋವಿ ತಗೊಂಡಿಲ್ಲ ಅಂದ್ರೆ ವೀಸಾ ಕ್ಯಾನ್ಸಲ್ ಮಾಡ್ತಾರಾ 😄 ಮನೇಲಿ ಮೇಡಂ ಪರ್ಮಿಷನ್ ಆಯ್ತಾ ಮೊದಲು ಅದು ಹೇಳು

ಹಳೇಕಬ್ಬಿಣ:
ಫೋಟೋ ನೋಡಿದೆ. ಬೇಜಾರ್ ಮಾಡ್ಕೋಬೇಡಿ, ಇದು ಹಾಕನ್ ಅಂತ ನಂಗೆ ಅನ್ಸಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ನಾನು ಇಲ್ಲಿ ಹಳೇ ಮದ್ದಿನ ಕೋವಿ ಹೊಡೆಯೋ ಕ್ಲಬ್‌ಗೆ ಹತ್ತು ವರ್ಷದಿಂದ ಹೋಗ್ತಿದೀನಿ.

ಹಾಕನ್ ಅಂದ್ರೆ ಸೇಂಟ್ ಲೂಯಿಸ್‌ನಲ್ಲಿದ್ದ ಅಣ್ಣ ತಮ್ಮ, ಜೇಕಬ್ ಮತ್ತು ಸ್ಯಾಮ್ಯುಯೆಲ್. 1820ರ ದಶಕದಲ್ಲಿ ಇಬ್ರೂ ಸೇರಿ ಅಂಗಡಿ ನಡೆಸೋಕೆ ಶುರು ಮಾಡಿದ್ರು. ಆಗ ಬೀವರ್ ಅನ್ನೋ ನದಿ ಪ್ರಾಣಿಯ ತುಪ್ಪಳಕ್ಕೆ ಅಂತ ರಾಕಿ ಬೆಟ್ಟಕ್ಕೆ ಹೋಗೋರೆಲ್ಲ ಸೇಂಟ್ ಲೂಯಿಸ್‌ನಿಂದಲೇ ಹೊರಡೋರು. ಪೂರ್ವದ ಪೆನ್ಸಿಲ್ವೇನಿಯಾ ಕೋವಿ ಉದ್ದ ಜಾಸ್ತಿ, ಗುಂಡು ಸಣ್ಣದು, ಅಳಿಲು ಜಿಂಕೆಗೆ ಸಾಕು. ಕುದುರೆ ಮೇಲೆ ಕೂತು ಹೋಗೋನಿಗೆ, ಎದುರಿಗೆ ಗ್ರಿಜ್ಲಿ ಕರಡಿ ಕಾಡೆಮ್ಮೆ ಬರೋ ಜಾಗದಲ್ಲಿ ಅದು ಆಗಲ್ಲ. ಅದಕ್ಕೇ ಇವರು ಗಿಡ್ಡ ಮಾಡಿ ದಪ್ಪ ಮಾಡಿದ್ರು. ಸುಮಾರು 34ರಿಂದ 36 ಇಂಚು ನಳಿಗೆ, 53 ಕ್ಯಾಲಿಬರ್ (ನಳಿಗೆ ಒಳಗಿನ ಅಗಲ 0.53 ಇಂಚು) ಆಸುಪಾಸು, ಅಂದ್ರೆ ಒಂದು ಪೌಂಡ್ ಸೀಸಕ್ಕೆ 32 ಗುಂಡು ಎರಕ ಹೊಯ್ಯೋ ಲೆಕ್ಕ. ತೂಕ ನಾಲ್ಕೂವರೆ ಕೆಜಿ ದಾಟುತ್ತೆ. ಮುಖ್ಯ ವಿಷಯ ಏನಂದ್ರೆ ಅವರ ಬೆಟ್ಟದ ಕೋವಿಗಳಲ್ಲಿ ಪಟ್ಟಿ, ಗಾರ್ಡು, ಹಿಂದಿನ ತಟ್ಟೆ ಎಲ್ಲಾ ಸಾಮಾನ್ಯವಾಗಿ ಕಬ್ಬಿಣ. ಹೊಳೆಯೋ ಹಿತ್ತಾಳೆ ಅಲ್ಲ. ನಿಮ್ಮದ್ರಲ್ಲಿ ಹಿತ್ತಾಳೆ ಇದೆ. ಮರಕ್ಕೆ ನಳಿಗೆ ಕಚ್ಚಿಸೋ ಬೆಣೆ ಹಾಕನ್‌ನಲ್ಲಿ ಎರಡು ಇರುತ್ತೆ, ನಿಮ್ಮ ಫೋಟೋದಲ್ಲಿ ಒಂದೇ ಕಾಣ್ತಿದೆ.

ಜೇಕಬ್ 1849ರಲ್ಲಿ ಕಾಲರಾ ಬಂದು ಹೋದ. ಸ್ಯಾಮ್ಯುಯೆಲ್ ಆಮೇಲೂ ನಡೆಸಿದ, 1884ರವರೆಗೆ ಬದುಕಿದ್ದ, ನಿಮ್ಮ ಡೆನ್ವರ್‌ಗೂ ಬಂದು ಸ್ವಲ್ಪ ಕಾಲ ಅಂಗಡಿ ಇಟ್ಟಿದ್ದ ಪುಣ್ಯಾತ್ಮ. ಅಂಗಡಿ ಆಮೇಲೆ ಗೆಮ್ಮರ್ ಅನ್ನೋನ ಕೈಗೆ ಹೋಗಿ 1915ಕ್ಕೆ ಬಾಗಿಲು ಹಾಕ್ತು. ಅಸಲಿ ಹಾಕನ್ ಆಗಿದ್ರೆ ಹತ್ತಾರು ಸಾವಿರ ಡಾಲರ್ ಬಾಳುತ್ತೆ, 1200ಕ್ಕೆ ಯಾರೂ ಕೊಡಲ್ಲ.

ಇನ್ನೊಂದು ಭಯ. 1970ರಿಂದ ಥಾಂಪ್ಸನ್ ಸೆಂಟರ್ ಅನ್ನೋ ಕಂಪನಿ ಹಾಕನ್ ಹೆಸರಲ್ಲೇ ಹೊಸ ಕೋವಿ ಮಾಡಿ ಮಾರ್ತು, ಅದ್ರಲ್ಲಿ ಹಿತ್ತಾಳೆ ಥಳಥಳ. ನಿಮ್ಮದು ಅದಲ್ಲ ಅನ್ಸುತ್ತೆ, ಮರದ ಸವೆತ ಹಳೇದು. ನಳಿಗೆ ಮೇಲೆ ಹೆಸರಿದ್ಯಾ? ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿ. ಉಜ್ಜಬೇಡಿ, ಒರೆಸಬೇಡಿ, ಬ್ರಾಸೋ ಅಂತೂ ಹತ್ರ ತರಲೇಬೇಡಿ.

ಕಕ್ಕಬೆಕೋವಿ:
ಹೆಸರು ಆಮೇಲೆ ನೋಡಿ ಮಾರಾಯ್ರೆ. ಮೊದಲು ಒಳಗೆ ಈಡು (ತುಂಬಿಟ್ಟ ಮದ್ದು ಗುಂಡು) ಕೂತಿದ್ಯಾ ನೋಡಿ!! ನಮ್ಮ ಮನೇಲಿ ತಾತನ ಕಾಲದ ಕೇಪಿನ ಕೋವಿ ಇದೆ (ಕೇಪು ಅಂದ್ರೆ ಬಡಿದಾಗ ಕಿಡಿ ಹಾರಿಸೋ ಪುಟ್ಟ ಲೋಹದ ಟೋಪಿ). ಕೈಲ್ ಪೋಳ್ದ್ ದಿನ, ಅಂದ್ರೆ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬಕ್ಕೆ, ಹೊರಗೆ ತೆಗೆದು ತೊಳೆದು ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆಗೆ ಇಡ್ತೀವಿ, ಅದಕ್ಕೂ ಮುಂಚೆ ಪ್ರತಿ ಸಲ ನನ್ನಪ್ಪ ಮಾಡೋ ಮೊದಲ ಕೆಲಸ ಇದೇ. ನಳಿಗೆ ಬಾಯಿಂದ ತುಂಬೋ ಕೋವೀಲಿ ಹೊರಗಿಂದ ಏನೂ ಗೊತ್ತಾಗಲ್ಲ. ಮದ್ದು ಒದ್ದೆ ಆಗ್ದೇ ಇದ್ರೆ ಐವತ್ತು ನೂರು ವರ್ಷ ಆದ್ರೂ ಹತ್ಕೊಳ್ಳುತ್ತೆ.

ಸುಲಭ ಇದೆ. ತೆಳ್ಳಗಿನ ಮರದ ಕೋಲು ನಳಿಗೆ ಒಳಗೆ ನಿಧಾನ ಇಳಿಸಿ, ತಳ ಮುಟ್ಟಿದಾಗ ಬಾಯಿ ಹತ್ರ ಗುರುತು ಹಾಕಿ. ಹೊರಗೆ ತೆಗೆದು ಅದೇ ಕೋಲನ್ನ ನಳಿಗೆ ಪಕ್ಕಕ್ಕೆ ಇಟ್ಟು ಅಳೀರಿ. ಕೇಪು ಕೂರೋ ಜಾಗದ ಹತ್ರ ಬಂತಾ, ಖಾಲಿ. ಎರಡು ಇಂಚು ಮುಂಚೆ ನಿಂತ್ರೆ ಒಳಗೆ ಏನೋ ಇದೆ. ಮಾಡುವಾಗ ನಿಮ್ಮ ಮುಖ ಕೈ ನಳಿಗೆ ಬಾಯಿಗೆ ಅಡ್ಡ ಬರಬಾರದು. ಕಬ್ಬಿಣದ ಸರಳು ಬೇಡ.

ಧಾರವಾಡಫೇಡಾ:
ಅಲ್ರೀ ಒಂದು ಡೌಟು. ಈ ವೆಸ್ಟರ್ನ್ ಪೇಂಟರ್ ಅಂದ್ರ ರೆಮಿಂಗ್ಟನ್ ಅಂತ ಒಬ್ಬಾವ ಇದ್ನಲ್ರೀ, ಅವಂಗೂ ರೆಮಿಂಗ್ಟನ್ ಬಂದೂಕಿಗೂ ಏನರ ಸಂಬಂಧ ಐತೇನು? ನಮ್ಮಪ್ಪಾರು ಟೈಪಿಂಗ್ ಕ್ಲಾಸಿಗೆ ಹೋಗೂ ಮುಂದ ರೆಮಿಂಗ್ಟನ್ ಮಷೀನ್ ಇತ್ತಂತ, ಅದೂ ಇದಾ ಏನು?

ಬಣ್ಣದಡಬ್ಬಿ:
@ಧಾರವಾಡಫೇಡಾ ಮೂರೂ ಸಂಬಂಧಿಕರೇ ಸರ್ 😀 ನ್ಯೂಯಾರ್ಕ್ ರಾಜ್ಯದ ಇಲಿಯನ್ ಅನ್ನೋ ಊರಲ್ಲಿ ರೆಮಿಂಗ್ಟನ್ ಬಂದೂಕು ಕಾರ್ಖಾನೆ. ಅಂತರ್ಯುದ್ಧ ಮುಗಿದ ಮೇಲೆ ಬಂದೂಕಿನ ಆರ್ಡರ್ ಬಿದ್ದೋಯ್ತು, ಹೊಲಿಗೆ ಮಷೀನ್ ಅದು ಇದು ಅಂತ ಮಾಡ್ತಾ 1873ರಲ್ಲಿ ಟೈಪ್‌ರೈಟರ್ ಮಾಡೋ ಒಪ್ಪಂದ ಆಯ್ತು. ಪೇಂಟರ್ ಫ್ರೆಡರಿಕ್ ರೆಮಿಂಗ್ಟನ್ ಅದೇ ವಂಶದ ದೂರದ ನೆಂಟ, 1861ರಲ್ಲಿ ಹುಟ್ಟಿದ್ದು 1909ಕ್ಕೆ ಅಪೆಂಡಿಕ್ಸ್ ಆಗಿ ಹೋದ, ನಲವತ್ತೆಂಟೇ ವರ್ಷ. ಅವನು ಪಶ್ಚಿಮಕ್ಕೆ ಹೋಗಿ ಬಂದಾಗೆಲ್ಲ ಜೀನು, ಬಟ್ಟೆ, ಕೋವಿ ಅಂತ ಹೊತ್ಕೊಂಡು ಬರೋನು, ನ್ಯೂಯಾರ್ಕ್ ಹತ್ರ ನ್ಯೂ ರೊಶೆಲ್‌ನಲ್ಲಿ ಸ್ಟುಡಿಯೋ ತುಂಬಾ ಅದೇ. ಮಾಡೆಲ್ ಹಿಡ್ಕೊಂಡು ನಿಲ್ಲೋಕೆ. ಆ ಸ್ಟುಡಿಯೋ ಸಾಮಾನುಗಳು ಈಗ ವಯೋಮಿಂಗ್‌ನ ಕೋಡಿಯಲ್ಲಿರೋ ಮ್ಯೂಸಿಯಂನಲ್ಲಿವೆ.

ಅಂದ್ರೆ ಪೇಂಟರ್ ಕೋವಿ ಇಟ್ಕೊಳ್ಳೋದು ಬೇಟೆಗೇ ಆಗ್ಬೇಕಿಲ್ಲ. ಡೆನ್ವರ್‌ವಾಸಿ ಅವರೇ, ಅಜ್ಜಿ ಹೇಳಿದ್ದು ನಿಜವೇ ಇರಬಹುದು, "ಪೇಂಟರ್ ಕೋವಿ" ಅನ್ನೋದು ನಿಜ, "ಹಾಕನ್" ಅನ್ನೋದು ಸುಳ್ಳು. ಎರಡೂ ಒಟ್ಟಿಗೆ ನಿಜ ಆಗ್ಬೇಕು ಅಂತೇನಿಲ್ವಲ್ಲ.

ಡೆನ್ವರ್‌ವಾಸಿ:
ಕೈ ನಡುಗ್ತಿದೆ. ಈಗ ತಾನೇ ಅಜ್ಜಿ ಮನೇಲಿ ಕಕ್ಕಬೆ ಅಣ್ಣ ಹೇಳಿದ ಹಾಗೆ ಕೋಲು ಇಳಿಸಿ ಅಳೆದೆ. ಹೊರಗೆ ಇಟ್ಟು ನೋಡಿದ್ರೆ ಕೇಪು ಕೂರೋ ಜಾಗಕ್ಕಿಂತ ಎರಡೂವರೆ ಇಂಚು ಮುಂಚೆ ನಿಂತಿದೆ. ಇಷ್ಟು ವರ್ಷ ಅದು ಸೋಫಾ ಮೇಲ್ಗಡೆ ಗೋಡೇಲಿ ಇತ್ತು!! ಮೊಮ್ಮಕ್ಕಳು ಅದನ್ನ ಹಿಡ್ಕೊಂಡು ಫೋಟೋ ತೆಗೆಸ್ಕೊಂಡಿದಾರೆ!!

ಹಳೇಕಬ್ಬಿಣ:
ಗಾಬರಿ ಬೇಡ. ಕೆಲವು ಕೋವೀಲಿ ಬುಡದಲ್ಲಿ ಮದ್ದಿನ ಗೂಡು ನಳಿಗೆಗಿಂತ ಕಿರಿದು ಇರುತ್ತೆ, ಕೋಲು ಅಲ್ಲೇ ನಿಂತು ಅರ್ಧ ಮುಕ್ಕಾಲು ಇಂಚು ವ್ಯತ್ಯಾಸ ಬರುತ್ತೆ. ಆದ್ರೆ ಎರಡೂವರೆ ಅಂದ್ರೆ ಒಳಗೆ ಈಡು ಇದೆ ಅಂತಲೇ ತಿಳ್ಕೊಳ್ಳಿ. ಕುದುರೆ (ಕೇಪಿಗೆ ಬಡಿಯೋ ಸುತ್ತಿಗೆ) ಮುಟ್ಟಬೇಡಿ, ನೀವಾಗೇ ಕೆದಕೋಕೆ ಹೋಗ್ಬೇಡಿ, ಯೂಟ್ಯೂಬ್ ನೋಡಿ ಡ್ರಿಲ್ ಹಾಕೋರೂ ಇದಾರೆ ದೇವರೇ. ಹಳೇ ಕೋವಿ ರಿಪೇರಿ ಮಾಡೋ ಗನ್‌ಸ್ಮಿತ್‌ಗೆ ಫೋನ್ ಮಾಡಿ ಮೊದಲೇ ಹೇಳಿ ತಗೊಂಡು ಹೋಗಿ.

ಕಕ್ಕಬೆಕೋವಿ:
ಹೇಳಿದ್ನಾ ಇಲ್ವಾ

ಸುಮ್ನೆಓದೋನು:
ಮೇಲೆ ಜೋಕ್ ಮಾಡಿದ್ದಕ್ಕೆ ಸಾರಿ ಗುರು. ಹುಷಾರು.

ಮಳೆಬಿಲ್ಲು:
ನಂಗೊಂದು ಮಾತು ಹೇಳ್ಬೇಕು ಅನ್ಸ್ತಿದೆ, ಯಾರಿಗೂ ಬೇಜಾರಾಗ್ದೇ ಇರ್ಲಿ. ಈ ಕೋವಿ, ವೆಸ್ಟರ್ನ್ ಪೇಂಟಿಂಗ್ ಅಂತ ರೊಮ್ಯಾಂಟಿಕ್ ಆಗಿ ಮಾತಾಡ್ತಿದೀವಿ, ಇದೇ ಕೋವಿಗಳಿಂದ ಅಲ್ವಾ ಕೋಟಿಗಟ್ಟಲೆ ಕಾಡೆಮ್ಮೆ ಸತ್ತಿದ್ದು, ಅಲ್ಲಿನ ಮೂಲನಿವಾಸಿಗಳ ಊಟ ಬಟ್ಟೆ ಎಲ್ಲಾ ಅದ್ರಲ್ಲೇ ಇತ್ತು. 1880ರ ದಶಕದ ಕೊನೆಗೆ ಸಾವಿರದ ಲೆಕ್ಕಕ್ಕೆ ಬಂದಿತ್ತು ಅವುಗಳ ಸಂಖ್ಯೆ. ಅದನ್ನ ಬರೆದ ಪೇಂಟರ್‌ಗಳು ಅದೇ ಕೋವಿ ಹಿಡ್ಕೊಂಡೇ ಹೋಗಿದ್ರು.

ಹಳೇಕಬ್ಬಿಣ:
@ಮಳೆಬಿಲ್ಲು ಮೇಡಂ ನೀವು ಹೇಳೋದ್ರಲ್ಲಿ ಸತ್ಯ ಇದೆ, ಆದ್ರೆ ಕೋವಿ ಬೇರೆ. 1870ರ ದಶಕದ ಚರ್ಮದ ಬೇಟೆಗಾರರು ಮುಖ್ಯವಾಗಿ ಹಿಡಿದಿದ್ದು ಶಾರ್ಪ್ಸ್ ಥರದ್ದು, ಹಿಂದಿನಿಂದ ತೋಟಾ ಹಾಕೋದು, ದೂರದಲ್ಲಿ ಕೂತು ಒಂದೊಂದಾಗಿ ಉರುಳಿಸ್ಬಹುದು. ಚರ್ಮ ಹೊತ್ತು ಪೂರ್ವಕ್ಕೆ ಹೋಗೋಕೆ ರೈಲೂ ಬಂದಿತ್ತು. ಬಾಯಿಂದ ಮದ್ದು ತುಂಬಿ, ಬಟ್ಟೆ ಸುತ್ತಿದ ಗುಂಡು ಕುಟ್ಟಿ, ಕೇಪು ಇಟ್ಟು ಹೊಡೆಯೋ ಕೋವೀಲಿ ಆ ವೇಗ ಬರಲ್ಲ.

ಬಣ್ಣದಡಬ್ಬಿ:
ಮಳೆಬಿಲ್ಲು ಹೇಳಿದ್ದು ಮುಟ್ಟಬೇಕಾದ ಜಾಗ ಮುಟ್ಟಿದೆ. ನಾನು ಡ್ರಾಯಿಂಗ್ ಮೇಷ್ಟ್ರು, ಈ ಪೇಂಟರ್‌ಗಳಲ್ಲಿ ನಂಗೆ ಹಿಡಿಸಿದ್ದೂ ಕಾಡಿದ್ದೂ ಜಾರ್ಜ್ ಕ್ಯಾಟ್ಲಿನ್. ಪೆನ್ಸಿಲ್ವೇನಿಯಾದ ವಿಲ್ಕ್ಸ್ ಬ್ಯಾರಿಯಲ್ಲಿ 1796ರಲ್ಲಿ ಹುಟ್ಟಿದವ. ಲಾಯರ್ ಆಗಿದ್ದ, ಅದು ಬಿಟ್ಟು ಯಾರ ಹತ್ರಾನೂ ಕಲೀದೇ ಪೇಂಟರ್ ಆದ. 1832ರಲ್ಲಿ ಯೆಲ್ಲೋಸ್ಟೋನ್ ಅನ್ನೋ ಹಬೆದೋಣಿ ಹತ್ತಿ ಮಿಸ್ಸೌರಿ ನದಿ ಮೇಲಕ್ಕೆ ಫೋರ್ಟ್ ಯೂನಿಯನ್‌ವರೆಗೂ ಹೋಗಿ ಮೂಲನಿವಾಸಿಗಳ ಚಿತ್ರ ಬರೆದ. ಅವನು ಮಂಡನ್ ಜನರನ್ನ ಬರೆದು ಐದು ವರ್ಷಕ್ಕೆ, 1837ರಲ್ಲಿ, ಸಿಡುಬು ಬಂದು ಆ ಜನ ಬೆರಳೆಣಿಕೆಗೆ ಇಳಿದ್ರು. ಅವನ ಚಿತ್ರಗಳಲ್ಲಿರೋ ಮುಖಗಳು ಎಷ್ಟೋ ಹಾಗೇ ಹೋದ್ವು.

ಇದೇ ಮನುಷ್ಯ ಕಾಡೆಮ್ಮೆ ಹೀಗೇ ಕೊಂದ್ರೆ ಉಳಿಯಲ್ಲ ಅಂತ ಆಗಲೇ ಬರೆದಿದ್ದ. ಒಂದು ಕಡೆ ಸೂ ಅನ್ನೋ ಮೂಲನಿವಾಸಿ ಜನ 1400 ಕಾಡೆಮ್ಮೆ ನಾಲಿಗೆ ತಂದು ಕೆಲವೇ ಗ್ಯಾಲನ್ ವಿಸ್ಕಿಗೆ ಕೊಟ್ಟು ಹೋದ್ರು, ಮಾಂಸ ಚರ್ಮ ಅಲ್ಲೇ ಬಿಟ್ಟು, ಅಂತ ಅವನೇ ದಾಖಲಿಸ್ತಾನೆ. ಆ ಬಯಲನ್ನ ಸರ್ಕಾರ ದೇಶದ ಪಾರ್ಕ್ ಅಂತ ಕಾಪಾಡ್ಬೇಕು ಅಂತ ಅವನು ಹೇಳಿದ್ದು ಯೆಲ್ಲೋಸ್ಟೋನ್ ಪಾರ್ಕ್ ಆಗೋಕೆ ನಲವತ್ತು ವರ್ಷ ಮುಂಚೆ.

ಸರಿ, ಅಂಥವನು ಕೋವಿ ಬಿಟ್ನಾ? ಇಲ್ಲ!! ಸಾಲದಲ್ಲಿ ಮುಳುಗಿ 1852ರಲ್ಲಿ ಚಿತ್ರಗಳನ್ನೆಲ್ಲ ಕಳ್ಕೊಂಡ, ಸಾಲ ಕೊಟ್ಟ ಫಿಲಡೆಲ್ಫಿಯಾದ ಒಬ್ಬ ಉದ್ಯಮಿ ಎತ್ಕೊಂಡು ಹೋದ. ಆಮೇಲೆ ದಕ್ಷಿಣ ಅಮೆರಿಕಕ್ಕೆ ಹೊರಟ. ಅಲ್ಲಿ ಅವನ ಜೊತೆ ಇದ್ದದ್ದು ಕೋಲ್ಟ್ ಕಂಪನಿಯ ಆರು ಗುಂಡಿನ ಸುತ್ತುವ ರೈಫಲ್ (ಆರು ಗೂಡಿನ ಉರುಳೆ ತಿರುಗ್ತಾ ಒಂದಾದ್ಮೇಲೊಂದು ಗುಂಡು ಹಾರೋದು), ಅದಕ್ಕೆ ಅವನು ಹೆಸರಿಟ್ಟಿದ್ದ "ಸ್ಯಾಮ್" ಅಂತ. ಹಗಲು ಎದುರಿಗೇ, ರಾತ್ರಿ ತೋಳಲ್ಲೇ ಅಂತ ಮಗು ಥರ ಬರ್ಕೊಂಡಿದಾನೆ. ಸ್ಯಾಮ್ ಅಂದ್ರೆ ಸ್ಯಾಮ್ಯುಯೆಲ್ ಕೋಲ್ಟ್, ಆ ಕಂಪನಿಯ ಯಜಮಾನ!

ಧಾರವಾಡಫೇಡಾ:
ಅಂದ್ರ ಸ್ಪಾನ್ಸರ್‌ಶಿಪ್ ಅನ್ರಿ. ಈಗಿನ ಇನ್‌ಸ್ಟಾಗ್ರಾಂ ಮಂದಿ ಮಾಡೂದು ಅವ 1855ರಾಗನ ಮಾಡ್ಯಾನ

ಬಣ್ಣದಡಬ್ಬಿ:
ನೂರಕ್ಕೆ ನೂರು. ಕೋಲ್ಟ್ ದುಡ್ಡು ಕೊಟ್ಟು ಕ್ಯಾಟ್ಲಿನ್ ಕೈಲಿ ಒಂದು ಸರಣಿಯನ್ನೇ ಬರೆಸಿದ, ಎಲ್ಲದ್ರಲ್ಲೂ ಕೋಲ್ಟ್ ಆಯುಧ ಎದ್ದು ಕಾಣೋ ಹಾಗೆ. ಕುದುರೆ ಮೇಲೆ ಕೂತು ಕೋಲ್ಟ್ ಪಿಸ್ತೂಲಿನಲ್ಲಿ ಕಾಡೆಮ್ಮೆ ಹೊಡೀತಿರೋದು ಕ್ಯಾಟ್ಲಿನ್ನೇ. ಬ್ರೆಜಿಲ್‌ನ ಕಾಡಲ್ಲಿ ಜೊತೆಗಾರನ್ನ ಉಳಿಸ್ತಿರೋದೂ ಕ್ಯಾಟ್ಲಿನ್ನೇ. ಆರು ಚಿತ್ರ ಅಚ್ಚು ಹಾಕಿಸಿ ಹಂಚಿದ್ರು. ಕಾಡೆಮ್ಮೆ ಉಳಿಸಿ ಅಂದ ಅದೇ ಕೈ ಇದನ್ನೂ ಬರೀತು. ಹೊಟ್ಟೆಪಾಡು. ನಾನೂ ಮದುವೆ ಮಂಟಪಕ್ಕೆ ಥರ್ಮಾಕೋಲ್ ನವಿಲು ಬಣ್ಣ ಬಳಿದಿದೀನಿ, ಮಾತಾಡೋಕೆ ನಂಗೆ ಮುಖ ಇಲ್ಲ.

ಹಳೇಕಬ್ಬಿಣ:
ಆ ಕೋಲ್ಟ್ ಸುತ್ತುವ ರೈಫಲ್‌ಗೆ ಒಂದು ಕೆಟ್ಟ ಚಾಳಿ ಇತ್ತು, ಅದನ್ನ ಯಾವ ಚಿತ್ರದಲ್ಲೂ ಬರೆದಿಲ್ಲ 😏 ಒಂದು ಗೂಡಿಗೆ ಬೆಂಕಿ ಬಿದ್ದಾಗ ಪಕ್ಕದ ಗೂಡಿನ ಮದ್ದೂ ಹತ್ಕೊಂಡು ಒಟ್ಟಿಗೇ ಹಾರೋದು. ಪಿಸ್ತೂಲಾದ್ರೆ ಪರ್ವಾಗಿಲ್ಲ, ಎರಡೂ ಕೈ ಹಿಂದೆ ಇರುತ್ತೆ. ರೈಫಲ್‌ನಲ್ಲಿ ಎಡಗೈ ಮುಂದೆ ನಳಿಗೆ ಕೆಳಗೆ ಇರುತ್ತಲ್ಲ, ಆ ಕೈ ಗತಿ? ಅದಕ್ಕೇ ಗೂಡಿನ ಬಾಯಿಗೆ ಗ್ರೀಸ್ ಮೆತ್ತೋರು.

ಮಳೆಬಿಲ್ಲು:
ಕ್ಯಾಟ್ಲಿನ್ ವಿಷಯ ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಮೇಷ್ಟ್ರೇ. ಕಳ್ಕೊಂಡ ಚಿತ್ರಗಳು ಎಲ್ಲಿ ಹೋದ್ವು?

ಬಣ್ಣದಡಬ್ಬಿ:
1879ರಲ್ಲಿ ಆ ಉದ್ಯಮಿಯ ಹೆಂಡತಿ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಕೊಟ್ರು, ಈಗ ವಾಷಿಂಗ್ಟನ್‌ನಲ್ಲಿವೆ. ಕ್ಯಾಟ್ಲಿನ್ 1872ಕ್ಕೇ ಹೋಗಿದ್ದ, ನೋಡೋಕೆ ಸಿಗ್ಲಿಲ್ಲ.

ಇನ್ನೊಬ್ಬನ ಕಥೆ ಹೇಳಿ ನಿಲ್ಲಿಸ್ತೀನಿ. ಆಲ್ಫ್ರೆಡ್ ಜೇಕಬ್ ಮಿಲ್ಲರ್, ಬಾಲ್ಟಿಮೋರ್‌ನವ. 1837ರಲ್ಲಿ ಒಬ್ಬ ಸ್ಕಾಟ್ಲೆಂಡ್ ಸಾಹೇಬ, ವಿಲಿಯಂ ಡ್ರಮ್ಮಂಡ್ ಸ್ಟುವರ್ಟ್, ನನ್ನ ಬೇಟೆ ಪ್ರವಾಸದ ಚಿತ್ರ ಬರಿ ಬಾ ಅಂತ ಇವನನ್ನ ಕರ್ಕೊಂಡು ಹೋದ. ಹಾಕನ್ ಹಿಡಿಯೋ ಬೆಟ್ಟದ ಬೇಟೆಗಾರರು ವರ್ಷಕ್ಕೊಂದ್ಸಲ ಸೇರೋ ಜಾತ್ರೆ ಇತ್ತಲ್ಲ, ಗ್ರೀನ್ ರಿವರ್ ಹತ್ರ, ಅದನ್ನ ಕಣ್ಣಾರೆ ಕಂಡು ಬರೆದ ಪೇಂಟರ್ ಇವನೊಬ್ಬನೇ. ದಾರೀಲಿ ಇಂಡಿಪೆಂಡೆನ್ಸ್ ರಾಕ್ ಅನ್ನೋ ಬಂಡೆ ಹತ್ರ ಇವನು ಸ್ಕೆಚ್‌ನಲ್ಲಿ ಮುಳುಗಿ ಕೂತಿದ್ದಾಗ ಹಿಂದಿನಿಂದ ಯಾರೋ ಬಂದು ತಲೆ ಅಮುಕಿ ಹಿಡ್ಕೊಂಡ್ರಂತೆ. ಮುಗೀತು ನನ್ನ ಕಥೆ ಅಂತ ಮಿಲ್ಲರ್ ಉಸಿರು ಬಿಗಿ ಹಿಡಿದ. ನೋಡಿದ್ರೆ ಸ್ಟುವರ್ಟ್! ಈ ಜಾಗದಲ್ಲಿ ಮೈಮರೆತು ಕೂತ್ರೆ ಏನಾಗುತ್ತೆ ಅಂತ ಪಾಠ ಕಲಿಸೋಕೆ ಹಾಗೆ ಮಾಡಿದ್ನಂತೆ. ನಮ್ಮ ಮಕ್ಕಳಿಗೆ ಸ್ಟಿಲ್ ಲೈಫ್ ಹೇಳಿಕೊಡುವಾಗ ಇದನ್ನ ತಪ್ಪದೇ ಹೇಳ್ತೀನಿ. ಎರಡೂ ಕೈ ಸ್ಕೆಚ್ ಪುಸ್ತಕದಲ್ಲಿದ್ರೆ ಕೋವಿ ಹಿಡಿಯೋಕೆ ಕೈ ಎಲ್ಲಿ?

ಡೆನ್ವರ್‌ವಾಸಿ:
ಅಪ್ಡೇಟ್. ಮೂರು ದಿನ ಆಯ್ತು ಕ್ಷಮಿಸಿ. ಗನ್‌ಸ್ಮಿತ್ ಹತ್ರ ಹೋದ್ವಿ, ಅಜ್ಜೀನೂ ಬಂದಿದ್ರು. ಆತ ಮೊದಲು ಕೇಪು ಕೂರೋ ತೂತಿನಿಂದ ಒಳಗೆ ಎಣ್ಣೆ ಇಳಿಸಿ ಒಂದು ರಾತ್ರಿ ಹಾಗೇ ಇಟ್ಟ, ಮಾರನೇ ದಿನ ಬೇರೆ ಯಾರನ್ನೂ ಒಳಗೆ ಬಿಡದೆ ತುದೀಲಿ ತಿರುಪು ಇರೋ ಕಡ್ಡಿಯಿಂದ ಎಳೆದು ತೆಗೆದ. ಬಂದಿದ್ದು ಒಂದು ಸೀಸದ ಗುಂಡು, ಬೂದು ಬಣ್ಣಕ್ಕೆ ತಿರುಗಿತ್ತು, ಅದಕ್ಕೆ ಅಂಟಿಕೊಂಡ ಬಟ್ಟೆ ಚೂರು, ಆಮೇಲೆ ಕಪ್ಪು ಮದ್ದು ಗಂಟುಗಂಟಾಗಿ. ಅಜ್ಜಿ ಮುಖ ನೋಡ್ಬೇಕಿತ್ತು, ಐವತ್ತು ವರ್ಷ ಅದರ ಕೆಳಗೆ ಕೂತು ನಿಟ್ಟಿಂಗ್ ಮಾಡಿದೀನಿ ಅಂದ್ರು, ಆಮೇಲೆ ಜೋರಾಗಿ ನಕ್ಕುಬಿಟ್ರು.

ಟಾರ್ಚ್ ಅಡ್ಡ ಹಿಡಿದಾಗ ನಳಿಗೆ ಮೇಲೆ ಹೆಸರೂ ಕಾಣಿಸ್ತು. ಎಚ್ ಇ ಲೆಮನ್, ಲ್ಯಾಂಕಾಸ್ಟರ್, ಪಿಎ.

ಹಳೇಕಬ್ಬಿಣ:
ಲೆಮನ್!! ಹಾಗಾದ್ರೆ ಆ ಹುಲಿ ಪಟ್ಟೆ ಬಗ್ಗೆ ನಂಗೆ ಮೊದಲೇ ಅನುಮಾನ ಬರ್ಬೇಕಿತ್ತು. ಹೆನ್ರಿ ಲೆಮನ್ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನವ, 1834ರಿಂದ ಸಾಯೋವರೆಗೆ, ಅಂದ್ರೆ 1887ರವರೆಗೆ ಕೋವಿ ಮಾಡಿದ. ತುಪ್ಪಳದ ಕಂಪನಿಗಳಿಗೆ, ಸರ್ಕಾರ ಮೂಲನಿವಾಸಿಗಳಿಗೆ ಕೊಡೋ ಲೆಕ್ಕಕ್ಕೆ, ಎಲ್ಲದಕ್ಕೂ ಸಪ್ಲೈ ಇವನದ್ದು. ಹಾಕನ್ ಥರ ದುಬಾರಿ ಅಲ್ಲ, ಗಟ್ಟಿಮುಟ್ಟು, ಸಾಮಾನ್ಯರ ಕೋವಿ. ಪಟ್ಟೆ ಇರೋ ಮೇಪಲ್ ಮರ ದುಬಾರಿ ಅಲ್ವಾ, ಅದಕ್ಕೇ ಇವನ ಕಾರ್ಖಾನೇಲಿ ಸಾದಾ ಮರ ತಗೊಂಡು ಅದರ ಮೇಲೆ ಪಟ್ಟೆ *ಬಣ್ಣದಲ್ಲಿ* ಬರೆಯೋರು. ನಿಮ್ಮ ಕೋವಿ ಮೇಲಿರೋದು ಮರದ ಗೆರೆ ಅಲ್ಲ ಸ್ವಾಮಿ, ಪೇಂಟಿಂಗ್.

ಹಾಕನ್‌ನಷ್ಟು ಬೆಲೆ ಬಾಳಲ್ಲ. ಆದ್ರೆ ಬೆಟ್ಟದ ಬೇಟೆಗಾರರಾದ ಜಿಮ್ ಬ್ರಿಜರ್ ಹಾಕನ್ ಮೊಂಟಾನಾದ ಹೆಲೆನಾದಲ್ಲಿ, ಕಿಟ್ ಕಾರ್ಸನ್ ಹಾಕನ್ ಸಾಂಟಾ ಫೆ ಮೇಸೋನಿಕ್ ಲಾಡ್ಜ್‌ನಲ್ಲಿ (ಫ್ರೀಮೇಸನ್ ಸಂಘದಲ್ಲಿ) ಅಂತ ಹೆಸರಾದವರದ್ದನ್ನ ಎಲ್ರೂ ಜೋಪಾನ ಮಾಡಿದ್ರು, ಹೆಸರಿಲ್ಲದವರು ಹಿಡಿದದ್ದು ಇಂಥದ್ದನ್ನೇ.

ಬಣ್ಣದಡಬ್ಬಿ:
ಅಯ್ಯೋ ಎಂಥಾ ಚಂದ! ಪೇಂಟರ್ ಮನೆ ಗೋಡೇಲಿ ಪೇಂಟ್ ಮಾಡಿದ ಮರದ ಕೋವಿ!

ಡೆನ್ವರ್‌ವಾಸಿ:
ಇನ್ನೂ ಇದೆ ಮೇಷ್ಟ್ರೇ. ಪಟ್ಟೆ ಪೇಂಟು ಅಂತ ಅಜ್ಜಿಗೆ ಹೇಳಿದೆ. ಅವರಿಗೆ ಆಶ್ಚರ್ಯನೇ ಆಗ್ಲಿಲ್ಲ, "ಗೊತ್ತು, ಕೆನ್ನೆ ತಾಗೋ ಜಾಗದಲ್ಲಿ ಅಳಿಸಿ ಹೋಗಿತ್ತು, ಇವರು ಒಂದು ಭಾನುವಾರ ಕೂತು ಬ್ರಶ್‌ನಲ್ಲಿ ಸರಿ ಮಾಡಿದ್ರು" ಅಂದ್ರು. ಗನ್‌ಸ್ಮಿತ್ ಭೂತಗನ್ನಡಿ ಇಟ್ಟು ನೋಡಿ ಹೌದು ಇಲ್ಲಿ ಬಣ್ಣ ಹೊಸದು ಅಂದ. ಕೆನ್ನೆ ಜಾಗದಲ್ಲಿ ಅಂಗೈ ಅಗಲ.

ಹಳೇಕಬ್ಬಿಣ:
😭😭 ಬೆಲೆ ಅರ್ಧ ಆಯ್ತು. ಕಲೆಕ್ಟರ್ ಆಗಿ ಹೇಳ್ತಿದೀನಿ, ಹಳೇದನ್ನ ಹೊಸದಾಗಿ ಬಳಿದ್ರೆ ಮುಗೀತು. 600ಕ್ಕಿಂತ ಒಂದು ಡಾಲರ್ ಜಾಸ್ತಿ ಕೊಡಬೇಡಿ.

ಬಣ್ಣದಡಬ್ಬಿ:
ಏನ್ ಸ್ವಾಮಿ ಅನ್ಯಾಯ. ಅದು ಪೇಂಟರ್ ಕೋವಿ ಅನ್ನೋಕೆ ಇರೋ ಒಂದೇ ಸಾಕ್ಷಿ ಆ ಅಂಗೈ ಅಗಲದ ಬಣ್ಣ, ಅದನ್ನೇ ನೀವು ಕಳೀತೀರಾ? ನನ್ ಲೆಕ್ಕದಲ್ಲಿ ಅದಕ್ಕೇ 1200.

ಹಳೇಕಬ್ಬಿಣ:
ಸಾಕ್ಷಿ ಅಂದ್ರೆ ಕಾಗದ ಮೇಷ್ಟ್ರೇ. ತಗೊಂಡ ರಸೀದಿ, ಆ ಕೋವಿ ಇರೋ ಅವರ ಸಹಿ ಹಾಕಿದ ಪೇಂಟಿಂಗ್, ಸ್ಟುಡಿಯೋದಲ್ಲಿ ಗೋಡೆ ಮೇಲೆ ಇರೋ ಹಳೇ ಫೋಟೋ, ಅಜ್ಜಿ ಕೈಬರಹದಲ್ಲಿ ಒಂದು ಪತ್ರ. ಇವು ಇದ್ರೆ ನಾನೂ ಒಪ್ತೀನಿ. ಬಣ್ಣ ಯಾರು ಬೇಕಾದ್ರೂ ಬಳೀಬಹುದು.

ಧಾರವಾಡಫೇಡಾ:
ಇಬ್ರೂ ಖರೇ ಅದೀರಿ, ಜಗಳ ಮುಂದುವರಸ್ರಿ, ನಾ ಚಹಾ ತರ್ತೇನಿ

ಕಕ್ಕಬೆಕೋವಿ:
ಒಂದು ಮಾತು, ತಗೊಂಡ್ರೆ ಊರಿಗೆ ತರೋ ಯೋಚನೆ ಬೇಡ. ನಮಗೆ ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದಾರೆ, ಅದೂ ನಮ್ಮ ಕೋವಿಗೆ ನಮ್ಮ ಲೆಕ್ಕದಲ್ಲಿ. ನೀವು ಹೊರದೇಶದಿಂದ ತರೋದಕ್ಕೆ ಕಸ್ಟಮ್ಸ್ ಪೊಲೀಸ್ ಅಂತ ಓಡಾಡಿ ಚಪ್ಪಲಿ ಸವೆಯುತ್ತೆ.

ಹಳೇಕಬ್ಬಿಣ:
ಹೌದು. ಅಮೆರಿಕದಲ್ಲಿ 1898 ಮತ್ತು ಅದಕ್ಕೂ ಹಿಂದಿನದ್ದು ಅಂದ್ರೆ ಫೆಡರಲ್ ಕಾನೂನಲ್ಲಿ ಪುರಾತನ ವಸ್ತು, ಆದ್ರೂ ರಾಜ್ಯದ ಕಾನೂನು ಒಂದ್ಸಲ ವಿಚಾರಿಸಿ.

ಡೆನ್ವರ್‌ವಾಸಿ:
ಕೊನೆ ಅಪ್ಡೇಟ್. ಅಜ್ಜಿ ಮಾರಲ್ವಂತೆ. ಗುಂಡು ಆಚೆ ಬಂದ ಮೇಲೆ ಮೊಮ್ಮಗ ಬೇಕು ಅಂತ ಹಠ ಹಿಡಿದಿದಾನೆ. ನಂಗೆ ಆ ಸೀಸದ ಗುಂಡು ಕೊಟ್ರು, ಒಂದು ಸಣ್ಣ ಬಣ್ಣದ ಟ್ಯೂಬ್ ಡಬ್ಬೀಲಿ ಹಾಕಿ. ದುಡ್ಡು ತಗೊಳ್ಲಿಲ್ಲ, ಕಳೆದ ದೀಪಾವಳಿಗೆ ಕೊಟ್ಟಿದ್ದ ಚಕ್ಕುಲಿ ಇನ್ನೊಂದ್ಸಲ ಮಾಡಿಸ್ಕೊಡು ಅಂದ್ರು. @ಹಳೇಕಬ್ಬಿಣ ಸರ್, ಅಳೆದೆ, 13 ಮಿಲಿಮೀಟರ್ ಬಂತು.

ಹಳೇಕಬ್ಬಿಣ:
ಗುಂಡಿಗೆ ಸುತ್ತೋ ಬಟ್ಟೆ ದಪ್ಪಾನೂ ಸೇರಿಸಿದ್ರೆ ನಳಿಗೆ 53 ಕ್ಯಾಲಿಬರ್ ಹತ್ರ ಹತ್ರ. ಬಟ್ಟೆ ಚೂರು ಬಿಸಾಕಿಲ್ಲ ತಾನೇ?

ಡೆನ್ವರ್‌ವಾಸಿ:
ಗನ್‌ಸ್ಮಿತ್ ಕಸದ ಬುಟ್ಟಿಗೆ ಹಾಕಿದ…

ಹಳೇಕಬ್ಬಿಣ:
ದೇವರೇ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಅಲ್ಲಿರಿ.